ಇನಾಸ್ ಪೊರ್ಬುಗಳ ಕಿವಿ

ಇನಾಸ್ ಪೊರ್ಬುಗಳು ಕಾರು ಹತ್ತಿದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಕಣ್ಣು ಕಟ್ಟಿಕೊಳ್ಳುವುದು. ಚಪ್ಪಲಿ ಕಳಚಿ ಕಾಲಡಿಗೆ ಇಟ್ಟು, ಮುಂದಿನ ಸೀಟಿನಲ್ಲಿ ನನ್ನ ಎಡಕ್ಕೆ ಕೂತು, ಜೇಬಿನಿಂದ ಚೌಕುಳಿಯ ದೊಡ್ಡ ಕರವಸ್ತ್ರ ತೆಗೆದು ಕಣ್ಣಿಗೆ ಬಿಗಿದು, ತಲೆಯ ಹಿಂದೆ ಗಂಟು ಹಾಕಿ, "ಹಾಂ, ಇನ್ನು ಬಿಡಿ ಡಾಕ್ಟ್ರೇ" ಎನ್ನುತ್ತಿದ್ದರು. ಸೀರೆ ಉಟ್ಟ ಹೆಂಗಸು ಕಾರು ಓಡಿಸುವುದನ್ನೇ ಮಂಗಳೂರಿನ ಜನ ನಿಂತು ನೋಡುತ್ತಿದ್ದ ಕಾಲ ಅದು. ಅವಳ ಪಕ್ಕದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ದಪ್ಪ ಮೀಸೆಯ ಗಂಡಸೊಬ್ಬ ಕೂತರೆ ಕೇಳಬೇಕೆ! ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದುಕೊಂಡವರು ಪುಣ್ಯವಂತರು. ಉಳಿದವರು ಏನೇನು ಅಂದುಕೊಂಡರೋ, ನಾನು ವಿಚಾರಿಸಲು ಹೋಗಲಿಲ್ಲ.

ಅವರ ಕೆಲಸ, ಕಾರಿನ ರೇಡಿಯೊದಲ್ಲಿ ಬರುವ ಬೇಡದ ಸದ್ದನ್ನು ಹಿಡಿದು ತೆಗೆಯುವುದು. ಕಣ್ಣು ತೆರೆದಿದ್ದರೆ ಕಿವಿಗೆ ಸೋಮಾರಿತನ ಬರುತ್ತದೆ ಎಂದು ಅವರ ನಂಬಿಕೆ. ರೇಡಿಯೊ ರಿಪೇರಿ ಮಾಡುವವರು ಊರಲ್ಲಿ ಬೇರೆಯೂ ಇದ್ದರು. ಪೊರ್ಬುಗಳು ಮಾತ್ರ ರೇಡಿಯೊವನ್ನು ಮುಟ್ಟುತ್ತಲೇ ಇರಲಿಲ್ಲ. "ರೇಡಿಯೊಕ್ಕೆ ಎಂತ ಸಹ ಆಗ್ಲಿಲ್ಲ ಮಾರಾಯ್ರೆ, ಅದು ಪಾಪ. ರೋಗ ಇರುದು ಕಾರಿಗೆ" ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು. ಆಗಿನ ಕಾರಿನ ರೇಡಿಯೊ ಗುಂಡಿ ತಿರುಗಿಸಿದ ಮೇಲೆ ಅರ್ಧ ನಿಮಿಷ ಬಿಸಿಯಾಗಿ, ಜೂಂ ಎಂದು, ಆಮೇಲೆ ಧಾರವಾಡವನ್ನೋ ಸಿಲೋನನ್ನೋ ಮೆಲ್ಲಗೆ ಹಿಡಿಯುತ್ತಿತ್ತು. ಇನ್ನೇನು ಹಾಡು ಶುರುವಾಯಿತು ಎನ್ನುವಾಗ ಇಂಜಿನ್ ಚಾಲೂ ಮಾಡಿದಿರೋ, ಕಾರಿನ ಒಳಗಿನ ಕರೆಂಟಿನ ಗಲಾಟೆಯೆಲ್ಲ ಆ ರೇಡಿಯೊದೊಳಗೆ ನುಗ್ಗುತ್ತಿತ್ತು. ಹಾಡುವವರ ಬಾಯಿ ಅಲ್ಲಿಗೆ ಬಂದ್.

ನಾನು ಹೆರಿಗೆ ಡಾಕ್ಟರು. ಮಣ್ಣಗುಡ್ಡದಲ್ಲಿ ನನ್ನ ಸಣ್ಣ ಕ್ಲಿನಿಕ್ ಇತ್ತು. ಐವತ್ತರ ದಶಕ ಮುಗಿಯುತ್ತ ಬಂದಿದ್ದರೂ ಹೆಚ್ಚಿನ ಹೆರಿಗೆಗಳು ಇನ್ನೂ ಮನೆಯಲ್ಲೇ ಆಗುತ್ತಿದ್ದವು. ಹಾಗಾಗಿ ದಿನವಿಡೀ ನನಗೆ ಓಡಾಟ. ವಿಲಾಯತಿಗೆ ಹಿಂದಿರುಗುತ್ತಿದ್ದ ಕಾಫಿ ತೋಟದ ದೊರೆಯೊಬ್ಬನಿಂದ ನಾನು ಕೊಂಡ ಹಳೆಯ ಕಾರಿನಲ್ಲಿ ರೇಡಿಯೊ ಇತ್ತು. ಅದಕ್ಕಾಗಿಯೇ ಆ ಕಾರು ಕೊಂಡೆ ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಹೆಂಗಸರ ನರಳಾಟ ಕೇಳಿ ಕೇಳಿ ಹಿಂದಿರುಗುವಾಗ ನನಗೆ ಒಂದು ಹಾಡು ಬೇಕಾಗಿತ್ತು, ಅಷ್ಟೆ. ಹಾಡಿನ ಬದಲು ಕಿರಿಕಿರಿ ಬಂದಾಗ ರೇಡಿಯೊಕ್ಕೆ ಎರಡು ಗುದ್ದಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಪೆಟ್ರೋಲ್ ಹಾಕುವವನು ಅದನ್ನು ಕಂಡು, "ಅದಕ್ಕೆ ಯಾಕೆ ಹೊಡೆಯುದು ಡಾಕ್ಟ್ರೇ, ಕಂಕನಾಡಿಯಲ್ಲಿ ಇನಾಸ್ ಪೊರ್ಬುಗಳು ಇದ್ದಾರೆ, ಹೋಗಿ ಕಾಣಿ" ಎಂದ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಗಂಡಸರನ್ನು ನಾವು ತುಳುವರು ಮರ್ಯಾದೆಯಿಂದ ಪೊರ್ಬುಗಳು ಅನ್ನುವುದು, ಹೆಂಗಸರನ್ನು ಬಾಯಮ್ಮ ಅನ್ನುವುದು.

ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅವರ ಮನೆ. ಬಸ್ ಕಂಪೆನಿಯೊಂದರ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ವಯರಿಂಗ್ ಕೆಲಸ ಮಾಡಿ ಬಿಟ್ಟವರು. ಭಾನುವಾರ ಇಗರ್ಜಿಯ ಹಾಡಿನವರ ಜೊತೆ ಪಿಟೀಲು ನುಡಿಸುತ್ತಿದ್ದರು. ನಾನು ಅಂಗಳದಲ್ಲಿ ಕಾರು ನಿಲ್ಲಿಸಿ ದೂರು ಹೇಳಿದೆ. ಅವರು ಕಾರಿನ ಕಡೆ ನೋಡಲೂ ಇಲ್ಲ. ಮೀಸೆ ಸವರಿಕೊಂಡು, "ಶಬ್ದ ಹೇಗುಂಟು? ಹಾಡಿ ತೋರ್ಸಿ" ಎಂದರು.

"ಎಂತದು?"

"ಹಾಡಿ ಡಾಕ್ಟ್ರೇ. ನಿಮ್ಮ ಹತ್ರ ಬಂದವರಿಗೆ ನೀವು ನಾಲಗೆ ತೋರ್ಸಿ ಅಂತ ಹೇಳುದಿಲ್ವಾ? ಹಾಗೇ."

ಮದ್ರಾಸಿನಲ್ಲಿ ಓದಿ ಡಿಗ್ರಿ ತಂದವಳು ನಾನು. ಕಂಕನಾಡಿಯ ಆ ಅಂಗಳದಲ್ಲಿ, ಕೋಳಿಗಳ ಮಧ್ಯೆ ನಿಂತು, "ಕುಂಯ್ಯ್ಯ್ಯ್" ಎಂದು ಕೂಗಿದೆ. ಕಿಟಕಿಯ ಒಳಗಿನಿಂದ ಅವರ ಹೆಂಡತಿ ಕಾರ್ಮಿನ್ ಬಾಯಮ್ಮ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಪೊರ್ಬುಗಳು ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, "ಶ್ರುತಿ ಸ್ವಲ್ಪ ಕೆಳಗೆ ಹೋಯ್ತು. ಅಡ್ಡಿಲ್ಲ, ಗೊತ್ತಾಯ್ತು. ಅದು ಅತ್ತೆ" ಎಂದರು.

ಸದ್ದುಗಳಿಗೆಲ್ಲ ಅವರು ಹೆಸರಿಟ್ಟಿದ್ದರು. ಕಾರಿನಲ್ಲಿ ಕರೆಂಟು ಹುಟ್ಟಿಸುವ ಡೈನಮೊದಿಂದ ಬರುವ ಸಣ್ಣ ಕೂಗು ಅತ್ತೆ. ಗಾಡಿಯ ವೇಗ ಏರಿದ ಹಾಗೆಲ್ಲ ಅವಳ ಸ್ವರವೂ ಏರುತ್ತದೆ. ಪ್ಲಗ್ಗಿನ ಕಿಡಿಯಿಂದ ಬರುವ ಟಿಕ್‌ಟಿಕ್ ಎಂಬುದು ಮಗು. ಬೇಸಗೆಯಲ್ಲಿ ಒಣ ಡಾಮರಿನ ಮೇಲೆ ಚಕ್ರ ಉರುಳಿ ಉರುಳಿ ಹುಟ್ಟುವ ಚರಚರ ಸದ್ದಿಗೆ ನೆಂಟ ಎಂದು ಹೆಸರು. ಮಳೆ ಬಿದ್ದ ದಿನವೇ ಅವನು ಗಂಟುಮೂಟೆ ಕಟ್ಟುತ್ತಾನೆ. ಡೈನಮೊಕ್ಕೆ ಹೆಬ್ಬೆರಳಿನಷ್ಟು ದಪ್ಪದ ಒಂದು ಕಂಡೆನ್ಸರ್ ಬಿಗಿದರೆ ಅತ್ತೆ ಸುಮ್ಮನಾಗುತ್ತಾಳೆ. ಪ್ಲಗ್ಗಿನ ವಯರಿಗೆ ಇನ್ನೊಂದು ಸಣ್ಣ ಸಾಮಾನು ಸಿಕ್ಕಿಸಿದರೆ ಮಗು ಮಲಗುತ್ತದೆ. ನೆಂಟನಿಗೆ ಚಕ್ರದ ಟೊಪ್ಪಿಯೊಳಗೆ ಒಂದು ಸ್ಪ್ರಿಂಗು. ಇಷ್ಟೇ ಅವರ ಔಷಧಿಗಳು. ಯಾರಿಗೆ ಯಾವುದು ಎಂದು ಗೊತ್ತುಮಾಡುವುದೇ ಕಷ್ಟದ ಕೆಲಸವಾಗಿತ್ತು.

ಅದಕ್ಕೆ ಬಲ್ಮಠದ ಇಳಿಜಾರು. ಗುಡ್ಡದ ಮೇಲೆ ಗಾಡಿ ತಿರುಗಿಸಿ, ಹಂಪನಕಟ್ಟೆಯ ಕಡೆ ಮುಖ ಮಾಡಿ ಇಳಿಯತೊಡಗಿದಾಗ ಪೊರ್ಬುಗಳು, "ಜೀವ ತೆಗೀರಿ!" ಎಂದು ಕೂಗುತ್ತಿದ್ದರು. ಇಂಜಿನ್ ಆಫ್ ಮಾಡಬೇಕು ಎಂದು ಅರ್ಥ. ಗಾಡಿ ತನ್ನ ಪಾಡಿಗೆ ಉರುಳುತ್ತಿರುವಾಗಲೂ ಸದ್ದು ಉಳಿದರೆ ಅದು ಚಕ್ರದ್ದು, ನಿಂತುಹೋದರೆ ಇಂಜಿನಿನದ್ದು. ಮೊದಲ ದಿನ ನನಗೆ ಜೀವ ಬಾಯಿಗೆ ಬಂದಿತ್ತು. ಎದುರಿನಿಂದ ಬಸ್ಸು, ಪಕ್ಕದಲ್ಲಿ ಎತ್ತಿನ ಗಾಡಿ, ಸತ್ತ ಇಂಜಿನಿನ ಕಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟು ನಾನು, ಪಕ್ಕದಲ್ಲಿ ಕಣ್ಣು ಕಟ್ಟಿಕೊಂಡು ತಾಳ ಹಾಕುತ್ತಾ ಇವರು! ಕೆಳಗೆ ಹೋಗಿ ಗಾಡಿ ನಿಂತಿತು. ಹೆಂಗಸಿನ ಕಾರು ಹಾಳಾಯಿತು ಎಂದು ಜನ ಓಡಿ ಬಂದು ಹಿಂದಿನಿಂದ ದೂಡಲು ಶುರುಮಾಡಿದರು. ಪೊರ್ಬುಗಳು ಕಣ್ಣಿನ ಬಟ್ಟೆ ತೆಗೆಯದೆಯೇ ಕಿಟಕಿಯಿಂದ ತಲೆ ಹೊರಹಾಕಿ, "ದೂಡ್ಬೇಡಿ ಮಾರಾಯ್ರೆ, ದೂಡ್ಬೇಡಿ! ಪದ್ಯ ಮುಗೀಲಿಲ್ಲ!" ಎಂದು ಗದರಿಸಿದರು. ರೇಡಿಯೊದ ಹಾಡಿಗೆ ಅವರು ಪದ್ಯ ಎನ್ನುತ್ತಿದ್ದರು. ದೂಡುವವರು ಬೆಚ್ಚಿ ಹಿಂದೆ ಸರಿದರು. ನಾನು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮದುವೆಯಾದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು ಎಂದರೆ ನನ್ನ ಯಜಮಾನರು ಬೇಸರಿಸಬಾರದು.

ಕೆಲಸದ ವಿಷಯದಲ್ಲಿ ಅವರಿಗೆ ಮುಲಾಜೆಂಬುದಿರಲಿಲ್ಲ. ಬಲ್ಮಠದ ವಕೀಲ ಶೆಟ್ಟರು ಹೊಚ್ಚ ಹೊಸ ಕಾರು ತಂದ ವಾರವೇ ಪೊರ್ಬುಗಳನ್ನು ಕರೆಸಿದರು. ಇವರು ಬಾನೆಟ್ ಎತ್ತಿ, ಉಪ್ಪುಕಾಗದ ತೆಗೆದು, ಬಾನೆಟ್ಟು ಕಾರಿನ ಮೈಗೆ ತಾಗುವ ಜಾಗದ ಬಣ್ಣವನ್ನು ಕಬ್ಬಿಣ ಕಾಣುವ ತನಕ ಕೆರೆದುಬಿಟ್ಟರು. ಕಬ್ಬಿಣಕ್ಕೆ ಕಬ್ಬಿಣ ಸರಿಯಾಗಿ ತಾಗದಿದ್ದರೆ ಸದ್ದು ಭೂಮಿಗೆ ಇಳಿಯುವುದಿಲ್ಲ ಎಂಬುದು ಅವರ ಶಾಸ್ತ್ರ. ಮಂಗಳೂರಿನ ಉಪ್ಪು ಗಾಳಿಗೆ ತುಕ್ಕು ಹಿಡಿಯದ ನಟ್ಟೇ ಇಲ್ಲವಷ್ಟೆ, ಹಾಗಾಗಿ ಅವರ ಅರ್ಧ ಕೆಲಸವೆಲ್ಲ ಕೆರೆಯುವುದೇ ಆಗಿತ್ತು. ಶೆಟ್ಟರು ಕೋರ್ಟಿನಿಂದ ಬಂದು ನೋಡಿ ಹೌಹಾರಿದರು. "ಅಯ್ಯಯ್ಯೋ, ಹೊಸ ಪೇಂಟು ಪೊರ್ಬುಗಳೇ!"

"ಶೆಟ್ರೇ, ನೀವು ಪೇಂಟು ಕೇಳ್ತೀರಾ, ಪದ್ಯ ಕೇಳ್ತೀರಾ? ಒಂದು ಹೇಳಿ."

ಕೋರ್ಟಿನಲ್ಲಿ ಯಾರಿಗೂ ಬಗ್ಗದ ಶೆಟ್ಟರು, "ಪದ್ಯ" ಎಂದು ಸಣ್ಣ ಸ್ವರದಲ್ಲಿ ಹೇಳಿದರಂತೆ.

ಹೀಗೆ ಐದಾರು ವರ್ಷ ಸುಖವಾಗಿ ಕಳೆಯಿತು. ಒಂದು ವರ್ಷ ಮಳೆಗಾಲಕ್ಕೆ ಮೊದಲು ನನ್ನ ಕಾರಿನಲ್ಲಿ ಅತ್ತೆ ಮತ್ತೆ ಕಾಣಿಸಿಕೊಂಡಳು. ಪೊರ್ಬುಗಳು ಬಂದರು, ಕಣ್ಣು ಕಟ್ಟಿಕೊಂಡರು, ಬಾನೆಟ್ಟಿನೊಳಗೆ ಏನೋ ಬಿಗಿದರು, ಮತ್ತೆ ಒಂದು ಸುತ್ತು ಹೋದೆವು. "ಕ್ಲೀನ್! ಈಗ ಎಂತದೂ ಇಲ್ಲ, ಅಲ್ವಾ?" ಎಂದರು. ಅವರು ಹಾಗೆ ಹೇಳುತ್ತಿರುವಾಗಲೇ ಆ ಕೂಗು ಸೂಜಿ ಚುಚ್ಚಿದ ಹಾಗೆ ನನಗೆ ಕೇಳುತ್ತಿತ್ತು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆದರೆ ಆ ಕರವಸ್ತ್ರದ ಕೆಳಗಿನ ಮುಖದಲ್ಲಿ ಎಂಥ ತೃಪ್ತಿ! "ಹೌದು ಪೊರ್ಬುಗಳೇ, ಕ್ಲೀನ್" ಎಂದುಬಿಟ್ಟೆ.

ಮನೆಗೆ ಬಂದು ಕಾರು ನಿಲ್ಲಿಸುವಷ್ಟರಲ್ಲಿ ನನಗೆ ವಿಷಯ ತಿಳಿದಿತ್ತು. ಇಪ್ಪತ್ತು ವರ್ಷ ಬಸ್ಸಿನ ಇಂಜಿನುಗಳ ನಡುವೆ ಕೆಲಸ ಮಾಡಿದ ಕಿವಿ, ಮೇಲಿಂದ ವಯಸ್ಸು ಅರವತ್ತರ ಹತ್ತಿರ. ಅಂಥ ಕಿವಿಯಲ್ಲಿ ಮೊದಲು ಹೋಗುವುದು ಸಣ್ಣ, ಎತ್ತರದ ಸ್ವರ. ನಮ್ಮ ನಿಮ್ಮ ಮಾತು ಸರಿಯಾಗಿ ಕೇಳಿಸುತ್ತದೆ, ಆದ್ದರಿಂದ ಕಿವಿ ಹೋದದ್ದು ಅವರಿಗೇ ಗೊತ್ತಾಗುವುದಿಲ್ಲ. ಡಾಕ್ಟರಾಗಿ ಅದನ್ನು ಹೇಳಬೇಕಾದದ್ದು ನನ್ನ ಕರ್ತವ್ಯ. ಹೇಳಲಿಲ್ಲ. ಊರಿನಲ್ಲಿ ಅವರಿಗಿದ್ದ ಮರ್ಯಾದೆ, ಅವರ ಮೀಸೆ, ಅವರ ಗತ್ತು ಎಲ್ಲವೂ ಆ ಕಿವಿಯಿಂದಲೇ. ಹೇಗೆ ಹೇಳುವುದು?

ಕೆಲವು ದಿನಗಳ ಮೇಲೆ ಶೆಟ್ಟರ ಸೊಸೆಯ ಹೆರಿಗೆಗೆ ಹೋಗಬೇಕಾಯಿತು. ಅವರೇ ಕಾರು ತಂದಿದ್ದರು. ಹತ್ತಿ ಕೂತರೆ ಅಲ್ಲೂ ಅದೇ ಕೂಗು! "ಇದು ಪೊರ್ಬುಗಳು ನೋಡಿದ್ದಾ?" ಎಂದು ಕೇಳಿದೆ.

"ಹೌದು. ಕ್ಲೀನ್ ಅಂದ್ರು" ಎಂದು ಶೆಟ್ಟರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. "ನಿಮ್ಮದರಲ್ಲೂ ಉಂಟಾ?" ಎಂದು ಮೆಲ್ಲಗೆ ಕೇಳಿದರು. ವಿಚಾರಿಸಿದರೆ ಗೋಡಂಬಿ ವ್ಯಾಪಾರದ ಹಸನಬ್ಬ ಸಾಹುಕಾರರ ಕಾರಿನಲ್ಲೂ ಉಂಟು! "ನೀವು ಡಾಕ್ಟ್ರು, ನೀವೇ ಹೇಳಿ" ಎಂದರು ಶೆಟ್ಟರು. "ನೀವು ವಕೀಲರು, ಮಾತಾಡಿಯೇ ಬದುಕುವವರು, ನೀವು ಹೇಳಿ" ಎಂದೆ ನಾನು. ಕೊನೆಗೆ ಯಾರೂ ಹೇಳಲಿಲ್ಲ. ಊರಿನಲ್ಲಿ ರೇಡಿಯೊ ಇದ್ದ ಕಾರುಗಳೇ ಕೆಲವು, ಅಷ್ಟೂ ಜನ ಆ ಕೂಗನ್ನು ಸಹಿಸಿಕೊಂಡು, ದಾರಿಯಲ್ಲಿ ಪೊರ್ಬುಗಳು ಸಿಕ್ಕಿದರೆ "ಭಾರಿ ಲಾಯ್ಕ ಆಗಿದೆ" ಎಂದು ಹೊಗಳತೊಡಗಿದೆವು. ಬುದ್ಧಿವಂತರ ಊರು ನಮ್ಮದು, ನೋಡಿ!

ಹೊಗಳಿಕೆ ಕೇಳಿ ಪೊರ್ಬುಗಳು ಉಬ್ಬಿದರು. ಒಂದು ಭಾನುವಾರ ಪೂಜೆ ಮುಗಿಸಿ, ಕೋಟು ಹಾಕಿ, ಹೆಂಡತಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಊರಿನಲ್ಲಿ ಹೊಸದಾಗಿ ಕಾರು ಮಾರುವ ಅಂಗಡಿಯೊಂದು ತೆರೆದಿತ್ತು. ಮರುದಿನ ಮದ್ರಾಸಿನಿಂದ ಆ ಅಂಗಡಿಯ ಕಂಪೆನಿಯ ಇಂಜಿನಿಯರ್ ಬರುವವನಿದ್ದ. ಅವನ ಎದುರು ಒಂದು ಕಾರಿನ ಸದ್ದು ಹಿಡಿದು ತೋರಿಸಿದರೆ, ಇನ್ನು ಮುಂದೆ ಅಲ್ಲಿ ರೇಡಿಯೊ ಕೂರಿಸುವ ಎಲ್ಲ ಕಾರುಗಳೂ ಇವರ ಕೈಗೆ. "ಗ್ಯಾರೇಜು ಬಿಟ್ಟ ಮೇಲೆ ಎಲ್ಲರೂ ನನ್ನನ್ನು ರಿಟೈರ್ಡ್ ರಿಟೈರ್ಡ್ ಅಂತ ಹೇಳುದು. ನಾಳೆಯಿಂದ ಹೇಳ್ಲಿ ನೋಡುವ! ಇವತ್ತು ನಿಮ್ಮ ಕಾರಲ್ಲಿ ಒಂದು ರಿಹರ್ಸಲ್ ಮಾಡುವನಾ ಡಾಕ್ಟ್ರೇ?" ಎಂದರು.

ನಾವು ಹೇಳುವ ಸುಳ್ಳನ್ನು ಮದ್ರಾಸಿನವನು ಯಾಕೆ ಹೇಳುತ್ತಾನೆ? ನಾಳೆ ಅಷ್ಟು ಜನರ ಎದುರು ಈ ಮನುಷ್ಯನ ಮಾನ ಹೋಗುತ್ತದೆ, ಅದಕ್ಕೆ ನಾನೇ ಕಾರಣ. ದಾರಿಯಲ್ಲಿ ಹೇಳಿಯೇಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿ ಕಾರು ತೆಗೆದೆ. ಪೊರ್ಬುಗಳು ಎಂದಿನಂತೆ ಮುಂದೆ, ಕಣ್ಣು ಕಟ್ಟಿಕೊಂಡು. ಕಾರ್ಮಿನ್ ಬಾಯಮ್ಮ ಹಿಂದೆ, ಸೀರೆಯ ನೆರಿಗೆ ಸರಿಮಾಡಿಕೊಂಡು. ಗಂಡನ ಕಸುಬಿನ ಕಾರಿನಲ್ಲಿ ಅವರು ಕೂತದ್ದು ಅದೇ ಮೊದಲು. ರೇಡಿಯೊ ಬಿಸಿಯಾಯಿತು, ಹಾಡು ಬಂತು. ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಹಿಂದಿನಿಂದ ಬಾಯಮ್ಮನ ಸ್ವರ.

"ಇದೆಂತದು, ಸೊಳ್ಳೆ ಕೂಗುವ ಹಾಗೆ?"

"ಎಲ್ಲಿ?" ಎಂದರು ಪೊರ್ಬುಗಳು.

"ರೇಡಿಯೊದಲ್ಲಿ."

"ಇಲ್ಲ."

"ಉಂಟು."

"ಇಲ್ಲ ಅಂದ್ರೆ ಇಲ್ಲ! ನಿನಗೆಂತ ಗೊತ್ತು?"

"ನನಗೆ ಎಂತದೂ ಗೊತ್ತಿಲ್ಲ. ಆದ್ರೆ ಕೂಗು ಉಂಟು. ಡಾಕ್ಟ್ರೇ, ನೀವು ಹೇಳಿ."

ಪೊರ್ಬುಗಳು ಕಣ್ಣಿನ ಬಟ್ಟೆಯನ್ನು ಬಿಚ್ಚಿದರು. ಓಡುವ ಕಾರಿನಲ್ಲಿ ಅವರು ಹಾಗೆ ಮಾಡಿದ್ದನ್ನು ನಾನು ಅದುವರೆಗೆ ಕಂಡದ್ದೇ ಇರಲಿಲ್ಲ.

"ಡಾಕ್ಟ್ರೇ, ಉಂಟಾ?"

"ಉಂಟು ಪೊರ್ಬುಗಳೇ."

"ಯಾವಾಗಿಂದ?"

"ಮಳೆಗಾಲಕ್ಕೆ ಮೊದಲಿಂದ. ಶೆಟ್ರ ಕಾರಲ್ಲೂ ಉಂಟು, ಹಸನಬ್ಬರದ್ದರಲ್ಲೂ ಉಂಟು. ನಿಮ್ಮ ಕಿವಿಗೆ ಸಣ್ಣ ಸ್ವರ ಕೇಳುದಿಲ್ಲ."

ಕಾರನ್ನು ಬದಿಗೆ ನಿಲ್ಲಿಸಿದೆ. ಅವರು ಕರವಸ್ತ್ರವನ್ನು ನಾಲ್ಕು ಮಡಿಕೆ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ನೀವು ಡಾಕ್ಟ್ರು," ಎಂದರು. "ಹೊಟ್ಟೆಯಲ್ಲಿ ಮಗು ಅಡ್ಡ ಉಂಟು ಅಂತ ಹೆಂಗಸ್ರಿಗೆ ಹೇಳುವಾಗ ನಿಮಗೆ ಹೆದ್ರಿಕೆ ಇಲ್ಲ. ಇನಾಸನ ಕಿವಿ ಹೋಗಿದೆ ಅಂತ ಹೇಳ್ಲಿಕ್ಕೆ ಹೆದ್ರಿಕೆಯಾ?" ನನಗೆ ಅಳು ಬಂತು. ಪೊರ್ಬುಗಳು ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟರು. ನಾಳೆ ಹೋಗುವುದಿಲ್ಲ, ಇನ್ನು ಯಾರ ಕಾರನ್ನೂ ಮುಟ್ಟುವುದಿಲ್ಲ ಎಂದರು.

ಆಗ ಕಾರ್ಮಿನ್ ಬಾಯಮ್ಮ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, ಗಂಡನ ಬಲಗಿವಿಯ ಹತ್ತಿರ ಬಾಯಿಟ್ಟು, ತಮ್ಮ ದಪ್ಪ ಸ್ವರದಲ್ಲಿ "ಊಂಂಂ" ಎಂದು ಎಳೆದರು. "ಹೀಗೆ ಉಂಟು ಅದು. ನನ್ನ ಸ್ವರ ದಪ್ಪ, ಅದರದ್ದು ಸಪೂರ. ರಾಗ ಮಾತ್ರ ಇದೇ."

ಪೊರ್ಬುಗಳ ಕಾಲು ಹೊರಗೇ ನಿಂತಿತು.

"ಇನ್ನೊಮ್ಮೆ ಹಾಡು."

"ಊಂಂಂ."

"ಡಾಕ್ಟ್ರೇ, ಆಕ್ಸಿಲರೇಟರ್ ಒತ್ತಿ. ಈಗ ಹೇಳು, ಮೇಲೆ ಹೋಗ್ತದಾ?"

ಬಾಯಮ್ಮ ಸ್ವರವನ್ನು ಮೆಲ್ಲಗೆ ಏರಿಸುತ್ತಾ ಹೋದರು. ಪೊರ್ಬುಗಳ ಮೀಸೆ ಕುಣಿಯತೊಡಗಿತು. "ಇದರ ಸಾವು ಮಾರಾಯ್ರೆ! ಅತ್ತೆ! ಅತ್ತೆಯೇ ಇದು!" ಎಂದು ಕೂಗಿ, ಚಪ್ಪಲಿಯನ್ನೂ ಮೆಟ್ಟದೆ ಇಳಿದು ಬಾನೆಟ್ ಎತ್ತಿದರು. ಕಂಡೆನ್ಸರ್ ಬಿಗಿದ ಜಾಗಕ್ಕೆ ತುಕ್ಕು ಹಿಡಿದಿತ್ತು, ಅಷ್ಟೆ. ಭಾನುವಾರದ ಕೋಟಿನಲ್ಲೇ ಕೆರೆದರು, ಬಿಗಿದರು. "ಈಗ?" ಎಂದು ಕೇಳಿದರು. ಬಾಯಮ್ಮ ಕಿವಿಗೊಟ್ಟು, "ಈಗ ಪದ್ಯ ಮಾತ್ರ" ಎಂದರು.

ಮರುದಿನ ಕ್ಲಿನಿಕ್ಕಿಗೆ ಚೀಟಿ ಅಂಟಿಸಿ ನಾನೂ ಹೋದೆ. ಮದ್ರಾಸಿನ ಇಂಜಿನಿಯರನ ಎದುರು ಪೊರ್ಬುಗಳು ಕಣ್ಣು ಕಟ್ಟಿಕೊಂಡು ಮುಂದೆ ಕೂತರು, ಬಾಯಮ್ಮ ಹಿಂದೆ ಕೂತರು. ಅವರು ಹಾಡುವುದು, ಇವರು ತಲೆಯಾಡಿಸುವುದು. ಅಂಗಡಿಯವರೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಎರಡು ಸುತ್ತಿನಲ್ಲಿ ಮಗುವನ್ನು ಮಲಗಿಸಿ ಅತ್ತೆಯ ಬಾಯಿ ಮುಚ್ಚಿಸಿದ್ದಾಯಿತು. ಇಂಜಿನಿಯರ್ ತಾನೇ ಕೂತು ಒಂದು ಸುತ್ತು ಹೋಗಿ ಬಂದು, ತಲೆದೂಗಿ, "ಈ ಅಮ್ಮ ಯಾರು?" ಎಂದು ಕೇಳಿದ.

"ನನ್ನ ಹೆಂಡತಿ," ಎಂದರು ಪೊರ್ಬುಗಳು. "ಇವಳು ಹೇಳಿದ್ದನ್ನು ನಾನು ಕೇಳುದು. ಮನೆಯಲ್ಲೂ ಹಾಗೇ."

ಕೆಲಸ ಸಿಕ್ಕಿತು. ಅದಕ್ಕಿಂತ ಮೊದಲು ಆ ವಾರವೇ ಗಂಡ ಹೆಂಡತಿ ಸೇರಿ ನಮ್ಮೆಲ್ಲರ ಮನೆಗೂ ಬಂದು, ಒಬ್ಬೊಬ್ಬರ ಕಾರನ್ನೂ ಮತ್ತೆ ಸರಿಮಾಡಿ, ಒಬ್ಬೊಬ್ಬರಿಗೂ ಮನದಣಿಯೆ ಬೈದು ಹೋದರು. ಹಸನಬ್ಬ ಸಾಹುಕಾರರು ಕೈಮುಗಿದು ಚಾ ತರಿಸಿದರಂತೆ. ಶೆಟ್ಟರು ಮಾತ್ರ ತಪ್ಪೆಲ್ಲ ಡಾಕ್ಟರದ್ದು ಎಂದು ವಾದ ಮಾಡಿ ಪಾರಾದರು, ವಕೀಲರಲ್ಲವೇ! ಆಮೇಲಿನ ವರ್ಷಗಳಲ್ಲಿ ಆ ಜೋಡಿಯನ್ನು ನೋಡುವುದೇ ಒಂದು ಸಂತೋಷ. ಯಾರ ಯಾರದೋ ಕಾರಿನಲ್ಲಿ, ಮುಂದೆ ಕಣ್ಣು ಕಟ್ಟಿಕೊಂಡ ಪೊರ್ಬುಗಳು, ಹಿಂದಿನಿಂದ ಅವರ ಬಲಗಿವಿಗೆ ಬಾಗಿ ಹಾಡುವ ಬಾಯಮ್ಮ, ಬಲ್ಮಠದಿಂದ ಇಳಿದು ಬರುತ್ತಿದ್ದರು. ಮೂವತ್ತು ವರ್ಷ ಅಡಿಗೆ ಮನೆಯಲ್ಲಿ ಕೂತವಳಿಗೆ ಈಗ ದಿನಾ ಕಾರು ಸವಾರಿ ಎಂದು ಬಾಯಮ್ಮ ನಗುತ್ತಿದ್ದರು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಪೊರ್ಬುಗಳು ಏಳಲಿಲ್ಲ. ಇಗರ್ಜಿಯ ಎದುರು ಕಾರುಗಳು ಸಾಲಾಗಿ ನಿಂತಿದ್ದವು. ಎಲ್ಲದರ ರೇಡಿಯೊವನ್ನೂ ಅವರೇ ಸರಿಮಾಡಿದ್ದರು.

ಆರೇಳು ತಿಂಗಳ ಮೇಲೆ ನಾನು ಬೇರೆ ಕಾರು ಕೊಂಡೆ. ಹೊಸ ನಮೂನೆಯ ಟ್ರಾನ್ಸಿಸ್ಟರ್ ರೇಡಿಯೊ. ಕಾಯಬೇಕಾಗಿಲ್ಲ, ಒತ್ತಿದ ಕೂಡಲೇ ಹಾಡು. ಸಣ್ಣ ಕಿರಿಕಿರಿಯೊಂದು ಅದರಲ್ಲೂ ಇತ್ತು. ಸರಿಮಾಡಿಸುವುದು ಒಂದು ನೆವ, ಬಾಯಮ್ಮನನ್ನು ನೋಡಿ ಬರೋಣವೆಂದು ಕಂಕನಾಡಿಗೆ ಹೋದೆ. "ಒಂದು ಸುತ್ತು ಹೋಗುವ, ಬನ್ನಿ" ಎಂದು ಒತ್ತಾಯ ಮಾಡಿದೆ. ಕಪ್ಪು ಸೀರೆಯಲ್ಲಿ ಬಂದರು. ನಾನು ಮುಂದಿನ ಬಾಗಿಲು ತೆರೆದಿದ್ದೆ. ಅವರು ಅದನ್ನು ನೋಡದೆ ಹಿಂದಿನ ಬಾಗಿಲು ತೆಗೆದು ಹತ್ತಿದರು.

ಮಾರ್ಕೆಟ್ಟು ದಾಟಿ ರಸ್ತೆ ಖಾಲಿಯಾದ ಮೇಲೆ ರೇಡಿಯೊ ಹಾಕಿದೆ. ಹಾಡಿನ ಜೊತೆ ಕಿರಿಕಿರಿ ಶುರುವಾಯಿತು. ಬಾಯಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟರು. ಆಮೇಲೆ ಮುಂದಕ್ಕೆ ಬಾಗಿ, ನನ್ನ ಎಡಗಡೆಯ ಖಾಲಿ ಸೀಟಿನ ಹತ್ತಿರ ಬಾಯಿಟ್ಟು, "ಊಂಂಂ" ಎಂದು ಎಳೆದರು. ಅರ್ಧಕ್ಕೇ ನಿಲ್ಲಿಸಿದರು. ನಾನು ಅವರ ಕಡೆ ತಿರುಗಲಿಲ್ಲ, ರಸ್ತೆಯನ್ನೇ ನೋಡುತ್ತಾ ಗಾಡಿ ಬಿಟ್ಟೆ. ಸುಮಾರು ದೂರ ಹೋದ ಮೇಲೆ ಹಿಂದಿನಿಂದ ಅವರ ಮಾತು ಕೇಳಿಸಿತು.

"ಶಬ್ದ ಉಂಟು ಡಾಕ್ಟ್ರೇ. ಆದ್ರೆ ಯಾರ ಹತ್ರ ಹೇಳುದು?"